ಮಳೆಗಾಲಕ್ಕೆ ಅಟ್ಟ ತುಂಬುವ ಕುಂಬಳ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಸಿಹಿಗುಂಬಳದ ಬಗ್ಗೆ. ಕೆಲವರು ಅದನ್ನು ಚೀನಿಕಾಯಿ ಎಂದು ಬರೆದಿದ್ದಾರೆ, ಕೆಲವರು ಸೀಗುಂಬಳ ಎಂದಿದ್ದಾರೆ. ಎಲ್ಲ ಒಂದೇ ಕಾಯಿ. ಫ್ರಿಜ್ಜು, ಕರೆಂಟು ಯಾವುದೂ ಇಲ್ಲದೆ ನಾಲ್ಕೈದು ತಿಂಗಳು ಮನೆಯ ಮೂಲೆಯಲ್ಲಿ ಕೂರುವ ತರಕಾರಿ ನಮ್ಮಲ್ಲಿ ಬಹಳ ಇಲ್ಲ. ಅದಕ್ಕೇ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿತ್ತಲಲ್ಲಿ ಕೆಸು, ಒಂದೆಲಗ ಬಿಟ್ಟರೆ ಏನೂ ಸಿಗುವುದಿಲ್ಲ. ಪೇಟೆಯ ತರಕಾರಿ ದುಬಾರಿ, ತರುವುದೂ ಕಷ್ಟ. ನಾಲ್ಕು ಜನರ ಮನೆಗೆ ಮಳೆಗಾಲ ಪೂರ್ತಿ ಚೀನಿಕಾಯಿ ಬೇಕೆಂದರೆ ಎಷ್ಟು ಬಳ್ಳಿ ಹಾಕಬೇಕು? ಯಾವಾಗ? — ಸಾಗರದಿಂದ ಒಬ್ಬ ಓದುಗರು

ಮೊದಲು ಲೆಕ್ಕ ಮಾಡೋಣ. ವಾರಕ್ಕೆ ಎರಡು ಸಲ, ಒಂದು ಹೊತ್ತಿನ ಹುಳಿಗೋ ಪಲ್ಯಕ್ಕೋ ಮುಕ್ಕಾಲು ಕೆ.ಜಿ. ಹಿಡಿದರೆ ವಾರಕ್ಕೆ ಒಂದೂವರೆ ಕೆ.ಜಿ. ನಾಲ್ಕು ತಿಂಗಳೆಂದರೆ ಸುಮಾರು 17 ವಾರ, ಅಂದರೆ 25 ಕೆ.ಜಿ. ಇಟ್ಟ ಕಾಯಿಗಳಲ್ಲಿ ಐದಕ್ಕೆ ಒಂದು ಕೆಡುತ್ತದೆ ಎಂದುಕೊಂಡೇ ಹೊರಡಬೇಕು. ಹಾಗಾಗಿ 32 ಕೆ.ಜಿ. ಅಟ್ಟ ಸೇರಬೇಕು. ಹಿತ್ತಲಲ್ಲಿ ಚೆನ್ನಾಗಿ ನೋಡಿಕೊಂಡ ಬಳ್ಳಿಯೊಂದು ಮೂರು ಕೆ.ಜಿ. ತೂಕದ ಮೂರು ಕಾಯಿಯನ್ನಾದರೂ ಪೂರ್ತಿ ಬಲಿಸಿ ಕೊಡುತ್ತದೆ. ನಾಲ್ಕು ಬಳ್ಳಿ ಸಾಕು. ಒಂದೆರಡು ರೋಗಕ್ಕೋ ದನದ ಬಾಯಿಗೋ ಹೋಗಬಹುದು, ಆದ್ದರಿಂದ ಆರು ಹಾಕಿ: ಮೂರು ಗುಣಿ, ಗುಣಿಗೆ ಎರಡು ಬಳ್ಳಿ.

ಇನ್ನು ಕಾಲ. ಇಲ್ಲಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಕಾಯಿ ಒಣಗಿದ ವಾತಾವರಣದಲ್ಲಿ ಬಲಿತು, ಮಳೆ ಬೀಳುವ ಮುಂಚೆ ಒಳಗೆ ಬರಬೇಕು. ಮೇ ಎರಡನೇ ವಾರಕ್ಕೆ ಕೊಯ್ಲು ಮುಗಿಯಬೇಕೆಂದರೆ, ಹೂ ಕಚ್ಚಿದ ಮೇಲೆ ಕಾಯಿ ಬಲಿಯಲು 45ರಿಂದ 55 ದಿನ ಬೇಕಾಗುವುದರಿಂದ ಮಾರ್ಚ್ ಕೊನೆಯೊಳಗೆ ಕಚ್ಚಿದ ಕಾಯಿ ಮಾತ್ರ ಅಟ್ಟಕ್ಕೆ ಯೋಗ್ಯ. ಬೀಜ ಹಾಕಿದ ದಿನದಿಂದ ಕೊಯ್ಲಿಗೆ ಒಟ್ಟು ನಾಲ್ಕು ತಿಂಗಳು ಎಂದಿಟ್ಟುಕೊಂಡು ಡಿಸೆಂಬರ್ 15ರಿಂದ ಜನವರಿ 10ರೊಳಗೆ ಬೀಜ ಹಾಕಿ. ಭತ್ತ ಕೊಯ್ದ ಗದ್ದೆಯಲ್ಲಿ ನೀರಿನ ಅನುಕೂಲ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಏಪ್ರಿಲ್‌ನಲ್ಲಿ ಬಿಟ್ಟ ಮಿಡಿಗಳನ್ನು ಎಳೆಯದರಲ್ಲೇ ಕೊಯ್ದು ಪಲ್ಯ ಮಾಡಿ, ಬಳ್ಳಿಯ ತುದಿಗಳನ್ನೂ ಚಿವುಟಿ ಅಡುಗೆಗೆ ಬಳಸಿ. ಬಳ್ಳಿಯ ಶಕ್ತಿ ಬಲಿಯುತ್ತಿರುವ ಕಾಯಿಗೆ ಹೋಗಲಿ.

ಬಯಲುಸೀಮೆಯ ಓದುಗರಿಗೆ ಈ ಲೆಕ್ಕ ತಿರುಗುಮುರುಗು. ಅಲ್ಲಿ ತರಕಾರಿ ಬರ ಬೀಳುವುದು ಬೇಸಿಗೆಯಲ್ಲಿ, ನೀರು ಆರಿದಾಗ. ಜೂನ್ ಕೊನೆ, ಜುಲೈ ಮೊದಲಲ್ಲಿ ಮಳೆಯಾಶ್ರಯದಲ್ಲಿ ಹಾಕಿ, ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಕೊಯ್ದರೆ ಚಳಿಗಾಲದ ಒಣ ತಂಪು ಹವೆಯಲ್ಲಿ ಕಾಯಿ ಆರಾಮವಾಗಿ ಉಳಿದು ಮಾರ್ಚ್, ಏಪ್ರಿಲ್ ಮುಟ್ಟುತ್ತದೆ. ಸಂಗ್ರಹದ ಮಟ್ಟಿಗೆ ಬಯಲುಸೀಮೆಯವರೇ ಅದೃಷ್ಟವಂತರು.

ಗುಣಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ ಇರಲಿ. ಗುಣಿಯಿಂದ ಗುಣಿಗೆ 8–10 ಅಡಿ. ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕಾಲು ಕೆ.ಜಿ. ಬೇವಿನ ಹಿಂಡಿ, ಎರಡು ಹಿಡಿ ಒಲೆಬೂದಿಯನ್ನು ಮೇಲ್ಮಣ್ಣಿನ ಜೊತೆ ಕಲಸಿ ತುಂಬಿ, ನೀರು ಹಾಕಿ ವಾರ ಬಿಡಿ. ಹಸಿ ಸಗಣಿ ಹಾಕಬೇಡಿ, ಕೊಳೆಯುವಾಗ ಬಿಸಿಯಾಗಿ ಮೊಳಕೆ ಸುಡುತ್ತದೆ. ಬೀಜವನ್ನು ರಾತ್ರಿ ನೆನೆಸಿ, ಗುಣಿಗೆ ನಾಲ್ಕು ಬೀಜ, ಒಂದು ಅಂಗುಲ ಆಳಕ್ಕೆ. ಐದರಿಂದ ಎಂಟು ದಿನಕ್ಕೆ ಮೊಳಕೆ ಬರುತ್ತದೆ. ಮೂರನೇ ಎಲೆ ಬಂದಾಗ ಗಟ್ಟಿಯಾದ ಎರಡನ್ನು ಉಳಿಸಿ, ಉಳಿದವನ್ನು ಕೀಳದೆ ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರು ಅಲುಗುತ್ತದೆ.

ಬಳ್ಳಿ ಹಬ್ಬುವಾಗ ಗಿಣ್ಣಿನಲ್ಲಿ ಬೇರು ಬಿಡುತ್ತದೆ. ಅಲ್ಲಲ್ಲಿ ಗಿಣ್ಣಿನ ಮೇಲೆ ಒಂದು ಬೊಗಸೆ ಮಣ್ಣು, ಗೊಬ್ಬರ ಹಾಕಿದರೆ ಆ ಬೇರು ಗಟ್ಟಿಯಾಗಿ ಬಳ್ಳಿಗೆ ಎರಡನೇ ಬಾಯಿಯ ಹಾಗೆ ಕೆಲಸ ಮಾಡುತ್ತದೆ. ಹೂ ಬಿಡುವ ಹೊತ್ತಿಗೆ ಬುಡಕ್ಕೆ ಇನ್ನೊಂದು ಬುಟ್ಟಿ ಗೊಬ್ಬರ ಕೊಡಿ. ಯೂರಿಯಾ ಹಾಕುವ ಆಸೆ ಬೇಡ: ಎಲೆ ಛತ್ರಿಯಷ್ಟಾಗುತ್ತದೆ, ಕಾಯಿ ಕಾಣುವುದಿಲ್ಲ. ನೆಲದ ಮೇಲಿನ ಕಾಯಿಯ ಅಡಿಗೆ ಒಣಹುಲ್ಲೋ ಮಡಲೋ ಇಡಿ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಗುಣಿಗೆ ಒಂದು ಕೊಡದಷ್ಟು ನೀರು ಬೇಕು. ಕೊಯ್ಲಿಗೆ ಹತ್ತು ದಿನ ಮುಂಚೆ ನೀರು ನಿಲ್ಲಿಸಿ, ಇಲ್ಲದಿದ್ದರೆ ಕಾಯಿ ನೀರು ತುಂಬಿಕೊಂಡು ಅಟ್ಟದಲ್ಲಿ ಬೇಗ ಕೊಳೆಯುತ್ತದೆ.

ಪ್ರಶ್ನೆ: ಬಳ್ಳಿ ತುಂಬ ಹೂ. ಆದರೆ ಕಾಯಿಯೇ ಇಲ್ಲ. ಅಲ್ಲೊಂದು ಇಲ್ಲೊಂದು ಬಿಟ್ಟ ಮಿಡಿ ನಿಂಬೆಗಾತ್ರಕ್ಕೆ ಹಳದಿಯಾಗಿ ಉದುರುತ್ತದೆ. ಯಾವ ಔಷಧಿ ಹೊಡೆಯಬೇಕು? — ಶಿರಾ

ಔಷಧಿ ಬೇಡ, ಬೆಳಗ್ಗೆ ಬೇಗ ಏಳಬೇಕು.

ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಎರಡೂ ಒಂದೇ ಬಳ್ಳಿಯಲ್ಲಿ. ಮೊದಲ ವಾರ ಹತ್ತು ದಿನ ಬರೀ ಗಂಡು ಹೂ ಬರುವುದು ಸಹಜ. ಅದರ ತೊಟ್ಟು ಉದ್ದ, ಸಪೂರ. ಹೆಣ್ಣು ಹೂವಿನ ತೊಟ್ಟು ಗಿಡ್ಡ, ಹೂವಿನ ಕೆಳಗೆ ಗೋಲಿಯಷ್ಟು ಪುಟ್ಟ ಕುಂಬಳ ಆಗಲೇ ಕೂತಿರುತ್ತದೆ. ಆ ಗೋಲಿ ಬೆಳೆಯಬೇಕಾದರೆ ಗಂಡು ಹೂವಿನ ಪರಾಗ ಅದಕ್ಕೆ ಮುಟ್ಟಬೇಕು. ಪರಾಗ ಅಂಟು, ಭಾರ. ಗಾಳಿಗೆ ಹಾರುವುದಿಲ್ಲ, ಜೇನುಹುಳವೇ ತರಬೇಕು. ಹೂ ನಸುಕಿಗೆ ಅರಳಿ ಹತ್ತು ಹನ್ನೊಂದು ಗಂಟೆಗೆ ಮುದುಡಿಕೊಳ್ಳುತ್ತದೆ. ಆ ಕೆಲವೇ ಗಂಟೆಯಲ್ಲಿ ಜೇನು ಬರದಿದ್ದರೆ, ಮೋಡ ಮಳೆ ಇದ್ದರೆ, ಅಥವಾ ಬಂದದ್ದು ಒಂದೆರಡು ಸಲ ಮಾತ್ರ ಆದರೆ, ನೀವು ಹೇಳಿದಂತೆ ಮಿಡಿ ನಾಲ್ಕೈದು ದಿನಕ್ಕೆ ಹಳದಿಯಾಗಿ ಉದುರುತ್ತದೆ. ಬೆಳಗ್ಗೆ ಕೀಟನಾಶಕ ಹೊಡೆದರೆ ಇರುವ ಜೇನೂ ಸಾಯುತ್ತದೆ. ಔಷಧಿ ಹೊಡೆದಷ್ಟೂ ಕಾಯಿ ಕಡಿಮೆಯಾಗುವುದು ಇದರಿಂದಲೇ.

ನೀವೇ ಜೇನಾಗಬಹುದು. ಬೆಳಗ್ಗೆ ಆರರಿಂದ ಎಂಟರೊಳಗೆ ಆಗತಾನೆ ಅರಳಿದ ಗಂಡು ಹೂವೊಂದನ್ನು ಉದ್ದ ತೊಟ್ಟಿನ ಸಮೇತ ಕಿತ್ತುಕೊಳ್ಳಿ. ಹಳದಿ ಎಸಳನ್ನು ಹಿಂದಕ್ಕೆ ಸುಲಿದರೆ ನಡುವೆ ಕಡ್ಡಿಯಂಥ ಕೇಸರ ಉಳಿಯುತ್ತದೆ. ಬೆರಳಿಗೆ ತಾಗಿಸಿ ನೋಡಿ, ಅರಿಸಿನದಂಥ ಪುಡಿ ಅಂಟಬೇಕು. ಅಂಟದಿದ್ದರೆ ಆ ಹೂ ಹಳೆಯದು, ಬಿಡಿ. ಅರಳಿದ ಹೆಣ್ಣು ಹೂವಿನೊಳಗೆ ಉಬ್ಬಿದ ಮೂರ್ನಾಲ್ಕು ಹೋಳುಗಳ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ಭಾಗ, ಇರುತ್ತದೆ. ಕೇಸರವನ್ನು ಅದರ ಎಲ್ಲ ಹೋಳುಗಳಿಗೂ ತಾಗುವಂತೆ ಮೆಲ್ಲಗೆ ಒರೆಸಿ. ಒಂದೇ ಕಡೆ ಒರೆಸಿದರೆ ಕಾಯಿ ಒಂದು ಬದಿ ಉಬ್ಬಿ ಇನ್ನೊಂದು ಬದಿ ಚಪ್ಪಟೆಯಾಗುತ್ತದೆ. ಒಂದು ಗಂಡು ಹೂ ಎರಡು ಹೆಣ್ಣು ಹೂವಿಗೆ ಸಾಕು. ಕಚ್ಚಿದ್ದರೆ ಮೂರ್ನಾಲ್ಕು ದಿನದಲ್ಲಿ ಮಿಡಿ ದಪ್ಪಗಾಗಿ ಕೆಳಕ್ಕೆ ಬಾಗುತ್ತದೆ.

ಬಳ್ಳಿಯಲ್ಲಿ ಮೂರ್ನಾಲ್ಕು ಕಾಯಿ ಬಲಿಯುತ್ತಿರುವಾಗ ಬರುವ ಹೊಸ ಮಿಡಿಗಳನ್ನು ಬಳ್ಳಿಯೇ ಉದುರಿಸುತ್ತದೆ. ಅದು ರೋಗವಲ್ಲ. ಮಿಕ್ಕ ಗಂಡು ಹೂಗಳನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಿ. ಪರಾಗಕ್ಕೆ ದಿನಕ್ಕೆ ನಾಲ್ಕೈದು ಹೂ ಬಳ್ಳಿಯಲ್ಲಿ ಬಿಟ್ಟರೆ ಸಾಕು.

ಪ್ರಶ್ನೆ: ಕಳೆದ ವರ್ಷ ಹನ್ನೆರಡು ಕಾಯಿ ಇಟ್ಟಿದ್ದೆವು. ಜೂನ್ ಕೊನೆಗೆ ಎಂಟು ಕೊಳೆತವು, ಹೆಚ್ಚಿನವು ತೊಟ್ಟಿನ ಹತ್ತಿರ ಶುರುವಾಗಿ. ಹಿಂದೆ ಹಿರಿಯರು ಅಟ್ಟದಲ್ಲಿ ತೂಗುಹಾಕಿ ದೀಪಾವಳಿವರೆಗೂ ಇಡುತ್ತಿದ್ದರಂತೆ. ನಮ್ಮದು ಈಗ ಆರ್‌ಸಿಸಿ ಮನೆ. — ಕಾರ್ಕಳ

ತೊಟ್ಟಿನ ಹತ್ತಿರ ಶುರುವಾಯಿತು ಎಂದು ನೀವು ಬರೆದ ಒಂದು ಮಾತಿನಲ್ಲೇ ಅರ್ಧ ಉತ್ತರವಿದೆ. ಕಾಯಿ ಎಷ್ಟು ದಿನ ಇರುತ್ತದೆ ಎನ್ನುವುದು ಅಟ್ಟದಲ್ಲಿ ಅಲ್ಲ, ಬಳ್ಳಿಯಲ್ಲೇ ತೀರ್ಮಾನವಾಗುತ್ತದೆ.

ಕೊಯ್ಲಿಗೆ ಮೂರು ಗುರುತು ಒಟ್ಟಿಗೆ ಸಿಗಬೇಕು. ಒಂದು, ತೊಟ್ಟು ಹಸಿರು ಕಳೆದು ಬೆಂಡಿನ ಹಾಗೆ ಒಣಗಿ ಉದ್ದಕ್ಕೆ ಗೀರು ಬಿಟ್ಟಿರಬೇಕು. ಎರಡು, ಸಿಪ್ಪೆಗೆ ಹೆಬ್ಬೆರಳಿನ ಉಗುರು ಒತ್ತಿದರೆ ಇಳಿಯಬಾರದು, ನೀರೂ ಜಿನುಗಬಾರದು. ಮೂರು, ಹಸಿರು ತಿರುಗಿ ಮಣ್ಣುಬಣ್ಣ ಬಂದು, ನೆಲಕ್ಕೆ ತಾಗಿದ ಕಡೆ ಗಾಢ ಹಳದಿ ಮಚ್ಚೆಯಾಗಿರಬೇಕು. ಗಾತ್ರ ಗುರುತಲ್ಲ. ದೊಡ್ಡದಾದರೂ ಬಲಿಯದ ಕಾಯಿ ತಿಂಗಳೂ ನಿಲ್ಲುವುದಿಲ್ಲ, ಪುಟ್ಟದಾದರೂ ಬಲಿತದ್ದು ನಿಲ್ಲುತ್ತದೆ.

ತೊಟ್ಟನ್ನು ತಿರುಚಿ ಕೀಳಬೇಡಿ. ಚೂಪಾದ ಕತ್ತಿಯಿಂದ ಮೂರು ಅಂಗುಲ ತೊಟ್ಟು ಬಿಟ್ಟು ಕತ್ತರಿಸಿ. ಮತ್ತೆ, ತೊಟ್ಟು ಹಿಡಿದು ಎಂದೂ ಎತ್ತಬೇಡಿ, ಮಗುವನ್ನು ಎತ್ತುವ ಹಾಗೆ ಅಡಿಗೆ ಕೈಕೊಟ್ಟು ಎತ್ತಿ. ತೊಟ್ಟು ಕಾಯಿಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಬೂಷ್ಟಿಗೆ ಅದೇ ಬಾಗಿಲು. ನಿಮ್ಮ ಎಂಟು ಕಾಯಿ ಹೋದದ್ದು ಹೆಚ್ಚಾಗಿ ಹೀಗೆ. ತೊಟ್ಟು ಮುರಿದದ್ದು, ಪೆಟ್ಟಾದದ್ದು, ಮಳೆಯಲ್ಲಿ ನೆನೆದದ್ದು ಇದ್ದರೆ ಬೇರೆ ಇಟ್ಟು ಮೊದಲು ತಿಂದು ಮುಗಿಸಿ.

ಕೊಯ್ದ ಕಾಯಿ ತೊಳೆಯಬೇಡಿ. ಮಣ್ಣು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಹತ್ತರಿಂದ ಹದಿನೈದು ದಿನ ಗಾಳಿಯಾಡುವ ಜಗಲಿಯಲ್ಲೋ ಚಾವಡಿಯಲ್ಲೋ ಒಂದೇ ಸಾಲಿನಲ್ಲಿ ಹರಡಿ. ಈ ದಿನಗಳಲ್ಲಿ ಸಿಪ್ಪೆ ಇನ್ನೂ ಗಟ್ಟಿಯಾಗುತ್ತದೆ, ಸಣ್ಣ ಗೀರು ಒಣಗಿ ಮುಚ್ಚುತ್ತದೆ, ಒಳಗಿನ ಪಿಷ್ಟ ಸಕ್ಕರೆಯಾಗತೊಡಗುತ್ತದೆ. ಕೊಯ್ದ ದಿನಕ್ಕಿಂತ ತಿಂಗಳ ನಂತರ ಕುಂಬಳ ಸಿಹಿಯಾಗುವುದು ಇದಕ್ಕೇ. ಕಡು ಬಿಸಿಲಲ್ಲಿ ಮಾತ್ರ ಇಡಬೇಡಿ, ಸಿಪ್ಪೆ ಬೆಂದು ಬಿಳಚುತ್ತದೆ.

ಹಿರಿಯರ ಅಟ್ಟದಲ್ಲಿ ಕಾಯಿ ಉಳಿಯುತ್ತಿದ್ದುದಕ್ಕೆ ಕಾರಣ ಮೂರು. ಕೆಳಗಿನ ಒಲೆಯ ಹೊಗೆ, ಬಿಸಿ ಅಟ್ಟವನ್ನು ಮಳೆಗಾಲದಲ್ಲೂ ಒಣಗಿಸುತ್ತಿತ್ತು. ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಬಾಳೆನಾರಿನಲ್ಲಿ ಒಂದೊಂದನ್ನೇ ಕಟ್ಟಿ ತೂಗುಹಾಕುತ್ತಿದ್ದುದರಿಂದ ಯಾವ ಕಾಯಿಯೂ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ನಿಮ್ಮ ಕರಾವಳಿಯಲ್ಲಿ ಮಂಗಳೂರು ಸೌತೆಯನ್ನು ಇಂದಿಗೂ ಹೀಗೆ ಕಟ್ಟುತ್ತಾರಲ್ಲ, ಅದೇ ವಿದ್ಯೆ.

ಆರ್‌ಸಿಸಿ ಮನೆಯಲ್ಲಿ ಹೊಗೆ ಇಲ್ಲ, ಉಳಿದೆರಡನ್ನು ಮಾಡಬಹುದು. ಬರೀ ಸಿಮೆಂಟು ನೆಲದ ಮೇಲೆ ಇಡಬೇಡಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಕಾಯಿಯ ಅಡಿ ಸದಾ ಒದ್ದೆ. ಮರದ ಪಟ್ಟಿ ಜೋಡಿಸಿ, ಅದರ ಮೇಲೆ ಒಣಹುಲ್ಲು ಹಾಸಿ, ಕಾಯಿಗಳ ನಡುವೆ ನಾಲ್ಕು ಬೆರಳು ಸಂದು ಬಿಟ್ಟು ಇಡಿ. ಇಲ್ಲವೇ ಹಗ್ಗದ ಬಲೆಯಲ್ಲಿ ಕೊಕ್ಕೆಗೆ ತೂಗುಹಾಕಿ. ಪ್ಲಾಸ್ಟಿಕ್ ಚೀಲ, ಮುಚ್ಚಿದ ಕಬೋರ್ಡು ಬೇಡವೇ ಬೇಡ. ಹಣ್ಣಾಗುವ ಬಾಳೆಗೊನೆಯನ್ನೂ ಅದೇ ಕೋಣೆಯಲ್ಲಿ ಇಡಬೇಡಿ, ಅದರಿಂದ ಹೊರಡುವ ಅನಿಲ ಕುಂಬಳವನ್ನೂ ಬೇಗ ಮಾಗಿಸಿ ಕೆಡಿಸುತ್ತದೆ. ಇಡೀ ಕಾಯಿಯನ್ನು ಫ್ರಿಜ್ಜಿನಲ್ಲಿಡುವುದೂ ತಪ್ಪು. ಹತ್ತು ಡಿಗ್ರಿಗಿಂತ ಕೆಳಗಿನ ಚಳಿಗೆ ಸಿಪ್ಪೆಯಲ್ಲಿ ಗುಳಿ ಬಿದ್ದು ಕೊಳೆಯುತ್ತದೆ. ಫ್ರಿಜ್ಜು ಬೇಕಾಗುವುದು ಹೆಚ್ಚಿದ ಹೋಳುಗಳಿಗೆ ಮಾತ್ರ: ಬೀಜ, ತಿರುಳು ತೆಗೆದು ಮುಚ್ಚಿಟ್ಟರೆ ನಾಲ್ಕೈದು ದಿನ.

ವಾರಕ್ಕೊಮ್ಮೆ ಪ್ರತಿ ಕಾಯಿಯನ್ನೂ ಕೈಯಲ್ಲಿ ತಿರುಗಿಸಿ ನೋಡಿ, ಒಣಬಟ್ಟೆಯಲ್ಲಿ ಒರೆಸಿ. ಬೆರಳಿಗೆ ಎಲ್ಲಾದರೂ ಮೆತ್ತಗೆ ಸಿಕ್ಕಿದರೆ ಅವತ್ತೇ ಹೆಚ್ಚಿ. ಮಚ್ಚೆ ಸಿಪ್ಪೆಯ ಮಟ್ಟಿಗಿದ್ದರೆ ಸುತ್ತ ಒಂದು ಅಂಗುಲ ತೆಗೆದು ಉಳಿದದ್ದನ್ನು ಬೇಯಿಸಬಹುದು. ಒಳಗೆ ಬೂಷ್ಟು, ಹುಳಿನಾತ, ಲೋಳೆ ಕಂಡರೆ ಪೂರ್ತಿ ಗೊಬ್ಬರದ ಗುಂಡಿಗೆ. ಐದು ತಿಂಗಳು ದಾಟಿದ ಕಾಯಿಯೊಳಗೆ ಕೆಲವೊಮ್ಮೆ ಬೀಜ ಮೊಳೆತಿರುತ್ತದೆ, ತಿರುಳು ನಾರಾಗಿರುತ್ತದೆ. ವಾಸನೆ ಸರಿ ಇದ್ದರೆ ತಿನ್ನಲು ಅಡ್ಡಿಯಿಲ್ಲ.

ಪ್ರಶ್ನೆ: ಕಾಯಿ ಕಿತ್ತಳೆ ಗಾತ್ರ ಇರುವಾಗಲೇ ಒಳಗೆ ಬಿಳಿ ಹುಳು. ಮಾವಿನ ತೋಟದಲ್ಲಿ ಬಳಸಿದ ಹಣ್ಣುನೊಣದ ಬಲೆಯನ್ನೇ ತಂದು ಕಟ್ಟಿದೆ, ಒಂದು ನೊಣವೂ ಬೀಳಲಿಲ್ಲ. — ಧಾರವಾಡ

ಮಾವಿನ ನೊಣ ಬೇರೆ, ಕುಂಬಳದ ನೊಣ ಬೇರೆ. ಮಾವಿನ ಬಲೆಯಲ್ಲಿರುವುದು ಮೀಥೈಲ್ ಯೂಜಿನಾಲ್. ಕುಂಬಳ, ಹಾಗಲ, ಹೀರೆಯ ನೊಣ ಅದಕ್ಕೆ ಬರುವುದಿಲ್ಲ. ಅದಕ್ಕೆ ಕ್ಯೂಲ್ಯೂರ್ ಎಂಬ ಆಕರ್ಷಕ ಬೇಕು. ಅಂಗಡಿಯಲ್ಲಿ ಆ ಹೆಸರು ಹೇಳಿಯೇ ಕೇಳಿ. ಅದು ಗಂಡು ನೊಣವನ್ನು ಮಾತ್ರ ಹಿಡಿಯುತ್ತದೆ, ಆದ್ದರಿಂದ ಬಲೆಯೊಂದನ್ನೇ ನಂಬಬೇಡಿ.

ಹೆಣ್ಣು ನೊಣ ಮೊಟ್ಟೆ ಚುಚ್ಚುವುದು ಸಿಪ್ಪೆ ಎಳೆಯದಾಗಿರುವಾಗ. ಪರಾಗ ಮುಟ್ಟಿದ ಮೂರನೇ ದಿನ ಮಿಡಿಗೆ ಹಳೆಯ ಪತ್ರಿಕೆಯ ಚೀಲವನ್ನೋ ತೆಳು ಬಟ್ಟೆಯನ್ನೋ ಸಡಿಲವಾಗಿ ಕಟ್ಟಿ, ಎರಡು ವಾರ ಬಿಡಿ. ಅಷ್ಟರಲ್ಲಿ ಸಿಪ್ಪೆ ಬಲಿಯುತ್ತದೆ. ಹತ್ತಿಪ್ಪತ್ತು ಕಾಯಿಯ ಹಿತ್ತಲಿಗೆ ಇದಕ್ಕಿಂತ ಖಾತ್ರಿಯ ಉಪಾಯ ಇಲ್ಲ. ಹುಳು ಬಿದ್ದ ಕಾಯಿಯನ್ನು ಬೇಲಿಯಾಚೆ ಎಸೆದರೆ ಹುಳು ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿ ವಾರ ಇಡಿ, ಅಥವಾ ಎರಡು ಅಡಿ ಆಳಕ್ಕೆ ಹೂಳಿ. ಬಳ್ಳಿಯ ಕೆಳಗಿನ ಮೇಲ್ಮಣ್ಣನ್ನು ಆಗಾಗ ಕೈಗುದ್ದಲಿಯಲ್ಲಿ ಕೆದರಿದರೆ ಕೋಶಗಳು ಮೇಲೆ ಬಂದು ಬಿಸಿಲಿಗೋ ಕೋಳಿಗೋ ಆಗುತ್ತವೆ.

ಎಳೆ ಸಸಿಯ ಎಲೆ ತೂತು ಮಾಡುವ ಕೆಂಪು ದುಂಬಿಯ ಬಗ್ಗೆಯೂ ಕೇಳಿದ್ದೀರಿ. ಮೊದಲ ಮೂರು ವಾರ ಗುಣಿಯ ಮೇಲೆ ಹಳೆಯ ಸೊಳ್ಳೆಪರದೆ ಹೊದಿಸಿ, ಇಬ್ಬನಿ ಇರುವಾಗ ಎಲೆಯ ಮೇಲೆ ಒಲೆಬೂದಿ ಉದುರಿಸಿ. ಐದಾರು ಎಲೆ ಬಂದ ಮೇಲೆ ಅದು ಬಳ್ಳಿಯನ್ನು ಕೊಲ್ಲಲಾರದು.

ಪ್ರಶ್ನೆ: ಎಲೆಯ ಮೇಲೆ ಬಿಳಿ ಮಚ್ಚೆ. ಇದು ಬೂದಿರೋಗವೇ? — ಚನ್ನಪಟ್ಟಣ

ಬೆರಳಲ್ಲಿ ಉಜ್ಜಿ ನೋಡಿ. ಪುಡಿ ಬಂದರೆ ಬೂದಿರೋಗ. ಬರದಿದ್ದರೆ, ಮಚ್ಚೆ ನರಗಳು ಕವಲೊಡೆಯುವ ಕಡೆ ಬೆಳ್ಳಿಯಂತೆ ಕಂಡರೆ, ಅದು ಸಿಹಿಗುಂಬಳದ ಹುಟ್ಟುಗುಣ, ಚಿಂತೆ ಬೇಡ. ಬೂದಿರೋಗವಾದರೆ ಬುಡದ ಹಳೆಯ ಎಲೆ ಕತ್ತರಿಸಿ ತೆಗೆದು, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಬಿಸಿಲಿರುವಾಗ ವಾರಕ್ಕೊಮ್ಮೆ ಎಲೆಯ ಎರಡೂ ಬದಿ ಸಿಂಪಡಿಸಿ. ಎಲೆ ಹಳದಿ ಹಸಿರು ಚಿತ್ತಾರವಾಗಿ ಮುದುಡಿದ್ದರೆ ಅದು ನಂಜುರೋಗ, ಮದ್ದಿಲ್ಲ. ಬಳ್ಳಿ ಕಿತ್ತು ಹೂಳಿ.

ಪ್ರಶ್ನೆ: ತಾರಸಿಯಲ್ಲಿ ಆದೀತೇ? — ಬೆಂಗಳೂರು

ಆಗುತ್ತದೆ, ಜಾತಿ ಸರಿಯಾಗಿ ಆರಿಸಿದರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸೂರ್ಯಮುಖಿ ನೂರು ದಿನದ ತಳಿ. ಕಾಯಿ ಒಂದು, ಒಂದೂವರೆ ಕೆ.ಜಿ., ಕಿತ್ತಳೆ ಬಣ್ಣದ ಮೇಲೆ ಬಿಳಿ ಗೆರೆ, ಹಣ್ಣುನೊಣವನ್ನೂ ತಡೆಯುತ್ತದೆ. ಚಿಕ್ಕ ಕುಟುಂಬಕ್ಕೆ ಒಂದು ಕಾಯಿ ಎರಡು ಅಡುಗೆಗೆ ಸರಿಹೋಗುತ್ತದೆ. ಅದೇ ಸಂಸ್ಥೆಯ ಅರ್ಕಾ ಚಂದನ್ ಎರಡು ಮೂರು ಕೆ.ಜಿ. ತೂಗುತ್ತದೆ, ನಾಲ್ಕು ತಿಂಗಳು ಬೇಕು. ಅದು ನೆಲಕ್ಕೇ ಚೆಂದ.

200 ಲೀಟರ್ ಡ್ರಮ್ಮನ್ನು ಅರ್ಧ ಮಾಡಿ, ಅಡಿಗೆ ತೂತು ಕೊರೆದು, ಒಂದಕ್ಕೆ ಒಂದೇ ಬಳ್ಳಿ. ಮಣ್ಣು, ಕಾಂಪೋಸ್ಟು, ತೆಂಗಿನನಾರಿನ ಪುಡಿ ಸಮಪಾಲು. ಒದ್ದೆಯಾದಾಗ ಭಾರ ಹೆಚ್ಚು, ತಾರಸಿಯ ನಡುವೆ ಇಡದೆ ತೊಲೆ ಇರುವ ಕಡೆ, ಗೋಡೆಯಂಚಿಗೆ ಇಡಿ. ಚಪ್ಪರಕ್ಕೆ ಹತ್ತಿಸಿದರೆ ಕಾಯಿ ಮುಷ್ಟಿಗಾತ್ರವಾದಾಗಲೇ ಬಲೆಯ ಜೋಳಿಗೆ ಕಟ್ಟಿ. ಮಧ್ಯಾಹ್ನ ಎಲೆ ಬಾಡಿ ಸಂಜೆ ಎದ್ದು ನಿಂತರೆ ಸರಿ, ಸಂಜೆಯೂ ಬಾಡಿದ್ದರೆ ನೀರು ಸಾಲದು.

ಪ್ರಶ್ನೆ: ತಾನಾಗಿ ಹುಟ್ಟಿದ ಬಳ್ಳಿಯ ಕಾಯಿ ಕಹಿ. ಬೆಲ್ಲ, ಹುಣಿಸೆ ಹೆಚ್ಚು ಹಾಕಿ ತಿನ್ನಬಹುದೇ? — ಮೈಸೂರು

ತಿನ್ನಬೇಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷಪದಾರ್ಥದ್ದು. ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರುತ್ತದೆ. ಹೆಚ್ಚಿದ ಹಸಿ ಹೋಳಿನ ಚೂರೊಂದನ್ನು ನಾಲಗೆಗೆ ತಾಗಿಸಿ ಉಗಿದು ನೋಡುವ ರೂಢಿಯನ್ನು ಸೋರೆ, ಸೌತೆ, ಕುಂಬಳ ಮೂರಕ್ಕೂ ಇಟ್ಟುಕೊಳ್ಳಿ. ಆಗಲೇ ತಿಂದು ಹೊಟ್ಟೆ ಕೆಟ್ಟಿದ್ದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಆ ಬಳ್ಳಿಯ ಬೀಜವನ್ನೂ ಇಡಬೇಡಿ.

ಪ್ರಶ್ನೆ: ನಮ್ಮಜ್ಜಿಯ ಕಾಲದ ಸಿಹಿಗುಂಬಳದ ತಳಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ಪಕ್ಕದಲ್ಲಿ ಬೂದುಗುಂಬಳ ಇರುವುದರಿಂದ ಹೀಗಾಯಿತೇ? — ಹಾವೇರಿ

ಬೂದುಗುಂಬಳ ಕಾರಣವಲ್ಲ. ಹೆಸರಲ್ಲಿ ಕುಂಬಳ ಇದ್ದರೂ ಅದರ ಕುಲವೇ ಬೇರೆ, ಎರಡೂ ಬೆರೆಯುವುದಿಲ್ಲ. ಊರಿನ ಬೇರೆ ಸಿಹಿಗುಂಬಳದ ಪರಾಗವನ್ನು ಜೇನು ತಂದಿದೆ. ಅದು ಈ ವರ್ಷದ ಕಾಯಿಯ ರುಚಿ ಕೆಡಿಸುವುದಿಲ್ಲ, ಒಳಗಿನ ಬೀಜದಲ್ಲಿ ಸೇರಿ ಮುಂದಿನ ವರ್ಷ ಕಾಣಿಸುತ್ತದೆ.

ತಳಿ ಉಳಿಸಲು ಸಂಜೆಯೇ ಕೆಲಸ ಶುರು. ಮರುದಿನ ಅರಳಲಿರುವ ಮೊಗ್ಗಿನ ತುದಿ ಹಳದಿಗೆ ತಿರುಗಿರುತ್ತದೆ. ಅಂಥ ಎರಡು ಗಂಡು, ಒಂದು ಹೆಣ್ಣು ಮೊಗ್ಗಿನ ತುದಿಗೆ ದಾರ ಕಟ್ಟಿ. ಗಂಡು ಹೂ ಅದೇ ತಳಿಯ ಬೇರೆ ಬಳ್ಳಿಯದಾದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಬಿಚ್ಚಿ, ಮೇಲೆ ಶಿರಾದ ಓದುಗರಿಗೆ ಹೇಳಿದಂತೆ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ಮತ್ತೆ ಕಟ್ಟಿಬಿಡಿ. ತೊಟ್ಟಿಗೆ ಬಣ್ಣದ ನೂಲು ಸುತ್ತಿ ಗುರುತಿಡಿ. ಆ ಕಾಯಿ ಪೂರ್ತಿ ಬಲಿತು, ಕೊಯ್ದ ಮೇಲೂ ಒಂದು ತಿಂಗಳು ಹಾಗೇ ಇಟ್ಟು ಆಮೇಲೆ ಒಡೆಯಿರಿ. ಈ ತಿಂಗಳಲ್ಲಿ ಬೀಜ ಒಳಗೇ ತುಂಬಿಕೊಳ್ಳುತ್ತದೆ. ತೊಳೆದು, ನೀರಲ್ಲಿ ತೇಲುವ ಜೊಳ್ಳು ತೆಗೆದು, ನೆರಳಲ್ಲಿ ವಾರ ಹತ್ತು ದಿನ ಒಣಗಿಸಿ. ಬಾಗಿಸಿದರೆ ಬಾಗದೆ ಟಕ್ಕೆಂದು ಮುರಿಯಬೇಕು. ಒಣಬೂದಿ ಬೆರೆಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ನಾಲ್ಕು ವರ್ಷ ಮೊಳೆಯುವ ಶಕ್ತಿ ಇರುತ್ತದೆ. ಹೈಬ್ರಿಡ್ ಬೀಜದ ಕಾಯಿಯಿಂದ ಮಾತ್ರ ಬೀಜ ಇಡಬೇಡಿ, ಮಕ್ಕಳು ತಾಯಿಯನ್ನು ಹೋಲುವುದಿಲ್ಲ.

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಬಟರ್‌ನಟ್ ಸ್ಕ್ವಾಷ್ ನಮ್ಮ ಕುಂಬಳದ ಬದಲಿಗೆ ಆಗುತ್ತದೆಯೇ?

ಬದಲಿ ಏಕೆ, ಅದು ನಮ್ಮ ಸಿಹಿಗುಂಬಳದ ಜಾತಿಯದೇ. ಆಕಾರ ಮಾತ್ರ ಬೇರೆ. ಸಿಹಿಗುಂಬಳದ ತವರೇ ಅಮೆರಿಕ ಖಂಡ, ನಮ್ಮಲ್ಲಿಗೆ ಬಂದದ್ದು ಅಲ್ಲಿಂದ. ಹುಳಿ, ಪಲ್ಯ, ಗಾರಿಗೆ ಎಲ್ಲಕ್ಕೂ ಬಟರ್‌ನಟ್ ಸೊಗಸಾಗಿ ಒದಗುತ್ತದೆ. ತಿರುಳು ಗಟ್ಟಿ ಇರುವುದರಿಂದ ನೀರು ತುಸು ಹೆಚ್ಚು ಹಾಕಿ. ಹಿತ್ತಲಲ್ಲಿ ಬೆಳೆಯುವುದಾದರೆ ಹಿಮದ ಭಯ ಕಳೆದು ಮಣ್ಣು ಬೆಚ್ಚಗಾದ ಮೇಲೆ, ಮೇ ಕೊನೆಗೆ ಬೀಜ ಹಾಕಿ. ಕಾಂಡ ಕೊರೆಯುವ ಅಲ್ಲಿನ ಹುಳು ಜುಕಿನಿಯನ್ನು ಕೊಲ್ಲುವಷ್ಟು ಸುಲಭವಾಗಿ ಬಟರ್‌ನಟ್ಟನ್ನು ಕೊಲ್ಲಲಾರದು, ಇದರ ಕಾಂಡ ಗಟ್ಟಿ. ಅಕ್ಟೋಬರಿನ ಮೊದಲ ಹಿಮಕ್ಕೆ ಮುಂಚೆ ಕೊಯ್ಯಲೇಬೇಕು. ಹಿಮ ತಾಗಿದ ಕಾಯಿ ಇಟ್ಟರೆ ಕೊಳೆಯುತ್ತದೆ. ಬೇಸ್‌ಮೆಂಟಿನಲ್ಲಿ 10–13 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೂರು ತಿಂಗಳು ನಿಶ್ಚಿಂತೆ, ಕೆಲವು ಆರೂ ಮುಟ್ಟುತ್ತವೆ. ಏಕಾರ್ನ್ ಸ್ಕ್ವಾಷ್ ಅಷ್ಟು ದಿನ ಇರುವುದಿಲ್ಲ, ಮೊದಲು ಅದನ್ನು ತಿಂದು ಮುಗಿಸಿ.

ಪ್ರಶ್ನೆ: ಮನೆಯಲ್ಲಿ ಇಪ್ಪತ್ತು ಕುಂಬಳ ಇದೆ, ಮಕ್ಕಳು ಪಲ್ಯ ಮುಟ್ಟುವುದಿಲ್ಲ. ಇದನ್ನು ತಿಂದರೆ ರೊಟ್ಟಿ, ಅನ್ನ ಕಡಿಮೆ ಮಾಡಬಹುದೇ? ಗಾರಿಗೆ ಮಾಡಿದರೆ ಎಣ್ಣೆ ಕುಡಿಯುತ್ತದೆ, ಏಕೆ? — ಬಾಗಲಕೋಟೆ

ರೊಟ್ಟಿ, ಅನ್ನದ ಜಾಗವನ್ನು ಕುಂಬಳ ತುಂಬಲಾರದು. ನೂರು ಗ್ರಾಂ ತಿರುಳಿನಲ್ಲಿರುವುದು 26 ಕ್ಯಾಲೊರಿಯಷ್ಟೇ, ಬಹುಪಾಲು ನೀರು. ಅದು ತುಂಬುವುದು ಬೇರೆ ಕೊರತೆಯನ್ನು. ಸೊಪ್ಪು ತರಕಾರಿ ಇಲ್ಲದ ತಿಂಗಳುಗಳಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವ ಅದರ ಕಿತ್ತಳೆ ಬಣ್ಣದಿಂದ ದೇಹಕ್ಕೆ ಸಿಗುತ್ತದೆ. ಈ ಬಣ್ಣ ಮೈಗೆ ಹತ್ತಲು ಜಿಡ್ಡು ಬೇಕು, ಹಾಗಾಗಿ ಒಗ್ಗರಣೆ, ಶೇಂಗಾಪುಡಿ, ಕೊಬ್ಬರಿ ಯಾವುದಾದರೊಂದು ಇರಲಿ. ಹೊಟ್ಟೆ ತುಂಬಿಸುವ ಭಾಗ ಬೀಜದಲ್ಲಿದೆ: ಸಿಪ್ಪೆ ತೆಗೆದ ನೂರು ಗ್ರಾಂ ಬೀಜದಲ್ಲಿ ಸುಮಾರು 30 ಗ್ರಾಂ ಪ್ರೋಟೀನು. ತೊಳೆದು ಒಣಗಿಸಿ, ಬಾಣಲೆಯಲ್ಲಿ ಹುರಿದು ಚಟ್ನಿಪುಡಿಗೆ ಸೇರಿಸಿ, ಎಸೆಯಬೇಡಿ. ಬೀಜದ ಸುತ್ತಲಿನ ನಾರುತಿರುಳನ್ನು ತುಪ್ಪ, ಜೀರಿಗೆ, ಮೆಣಸಿನಲ್ಲಿ ಹುರಿದು ಕಾಯಿತುರಿ ಹಾಕಿ ರುಬ್ಬಿ ಮಜ್ಜಿಗೆ ಬೆರೆಸಿದರೆ ಮಲೆನಾಡಿನ ತಂಬುಳಿ. ಪಲ್ಯ ಮುಟ್ಟದ ಮಕ್ಕಳಿಗೆ ತುರಿದ ಕುಂಬಳವನ್ನು ನೆನೆಸಿದ ಅಕ್ಕಿಯ ಜೊತೆ ರುಬ್ಬಿ ದೋಸೆ ಹುಯ್ದು ಕೊಡಿ. ಎರಡು ಲೋಟ ಅಕ್ಕಿಗೆ ಎರಡು ಲೋಟ ತುರಿ, ಉಪ್ಪು. ರುಬ್ಬುವಾಗ ನೀರು ಹಾಕಬೇಡಿ, ಕುಂಬಳವೇ ನೀರು ಬಿಡುತ್ತದೆ.

ಗಾರಿಗೆಗೆ ಎರಡು ಲೋಟ ತುರಿ, ಒಂದು ಲೋಟ ಪುಡಿಬೆಲ್ಲ. ಎರಡನ್ನೂ ನೀರು ಹಾಕದೆ ಸಣ್ಣ ಉರಿಯಲ್ಲಿ ಬೇಯಿಸಿ. ಮೊದಲು ತುಂಬ ನೀರಾಗುತ್ತದೆ, ಸೌಟಿನಿಂದ ಬಾಣಲೆಯ ತಳ ಗೀರಿದರೆ ಗೆರೆ ಒಂದು ಕ್ಷಣ ನಿಲ್ಲುವವರೆಗೆ ಕಾಯಿರಿ. ನಿಮ್ಮ ಗಾರಿಗೆ ಎಣ್ಣೆ ಕುಡಿಯುತ್ತಿರುವುದು ಹೆಚ್ಚಾಗಿ ಈ ನೀರು ಇಂಗುವ ಮುಂಚೆ ಇಳಿಸಿದ್ದರಿಂದ. ಏಲಕ್ಕಿ, ಚಿಟಿಕೆ ಉಪ್ಪು ಹಾಕಿ, ಉಗುರುಬೆಚ್ಚಗಾದ ಮೇಲೆ ಎರಡು ಚಮಚ ಸಣ್ಣ ರವೆ ಸೇರಿಸಿ, ಗೋಧಿಹಿಟ್ಟನ್ನು ಹಿಡಿಯುವಷ್ಟೇ ಹಾಕುತ್ತ ಪೂರಿಯ ಕಣಕಕ್ಕಿಂತ ತುಸು ಗಟ್ಟಿಯಾಗಿ ಕಲಸಿ. ಸುಮಾರು ಎರಡು ಲೋಟ ಹಿಡಿಯುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಬಿಡಬೇಡಿ, ಬೆಲ್ಲ ಮತ್ತೆ ನೀರು ಬಿಟ್ಟು ಕಣಕ ಸಡಿಲವಾಗುತ್ತದೆ. ಎಣ್ಣೆ ಸವರಿದ ಎಲೆಯ ಮೇಲೆ ಪೂರಿಗಿಂತ ದಪ್ಪ ತಟ್ಟಿ, ಮಧ್ಯಮ ಉರಿಯಲ್ಲಿ ಕರಿಯಿರಿ. ಎಣ್ಣೆಯಲ್ಲಿ ಬಿರಿದು ಚದುರಿದರೆ ಬೆಲ್ಲ ಹೆಚ್ಚಾಗಿದೆ ಎಂದರ್ಥ, ಉಳಿದ ಕಣಕಕ್ಕೆ ಒಂದು ಹಿಡಿ ಹಿಟ್ಟು ಸೇರಿಸಿಕೊಳ್ಳಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿದರೆ ಮೂರ್ನಾಲ್ಕು ದಿನ ಇರುತ್ತದೆ.